ಬಟ್ಟೆ ಹಿಂಡಿದ ಕೈ

ಆಡಿನ ಉಸಿರು ನಿಂತ ಮೇಲೆ ನನಗೆ ಸಿಗುತ್ತಿದ್ದದ್ದು ನಾಲ್ಕೇ ನಿಮಿಷ. ಅಷ್ಟರೊಳಗೆ ಹಿಂಗಾಲಿನ ಚರ್ಮ ಬಿಡಿಸಬೇಕು, ತೊಡೆಯ ಸ್ನಾಯುವನ್ನು ಎಳೆಯ ಗುಂಟ ಬಿಡಿಸಿ ಎತ್ತಬೇಕು, ಕೊಬ್ಬು ಮತ್ತು ಬಿಳಿ ಪೊರೆ ತೆಗೆದು ಚೀಲದಲ್ಲಿ ಕಟ್ಟಿ ಬರ್ಫಿನ ಡಬ್ಬಿಯೊಳಗೆ ಹೂಳಬೇಕು. ಸ್ನಾಯು ಬಿಸಿಯಾಗಿರುವ ತನಕ ಅದರೊಳಗಿನ ಕೆಲಸ ನಿಂತಿರುವುದಿಲ್ಲ. ತಡವಾದರೆ ನಾವು ನೋಡಬೇಕಾದದ್ದು ಕೆಟ್ಟು ಹೋಗಿರುತ್ತದೆ. ಈ ಕೈಚಳಕವನ್ನು ನನಗೆ ಯಾವ ಸಾಲೆಯೂ ಕಲಿಸಲಿಲ್ಲ. ನಾನು ಆರನೆಯ ಇಯತ್ತೆಗೆ ಸಾಲೆ ಬಿಟ್ಟವನು. ಟಿಕೋಟಾದಲ್ಲಿ ನಮ್ಮ ಅಣ್ಣನ ಮಟನ್ ಅಂಗಡಿಯ ಕಟ್ಟೆಯ ಮೇಲೆ ಕಲಿತದ್ದು. ವಿಜಯಪುರದ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆದ ಮೇಲೂ ಈ ಒಂದು ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಅಣ್ಣನಿಗೆ ಇದು ತಮಾಷೆ. ಮನೆಯಲ್ಲಿ ನಾವು ದಖನಿ ಆಡಿದರೂ ಗಿರಾಕಿಗಳ ಮುಂದೆ ಕನ್ನಡವೇ. ಅವರಿಗೆ ಕೇಳಲಿ ಎಂದೇ ಜೋರಾಗಿ ಅನ್ನುತ್ತಿದ್ದ:

“ನೋಡ್ರಿ, ಎಲ್ಲಾರೂ ತೊಡಿ ಒಯ್ದು ಕುದಿಸಿ ತಿಂತಾರ. ನಮ್ಮಾಂವ ಒಯ್ದು ಹಿಂಡತಾನ. ಹಿಂಡಿದ ನೀರು ಇಟಗೊಂಡು ಖಂಡ ಚೆಲ್ಲತಾನ.”

“ನೀ ಎಲುಬು ತೂಗು, ನನಗ ಹೊತ್ತಾಗತೈತಿ,” ಎಂದು ನಾನು ಬೈಕಿನ ಹಿಂದೆ ಡಬ್ಬಿ ಬಿಗಿಯುತ್ತಿದ್ದೆ.

ಅಥಣಿ ರಸ್ತೆ ಹಿಡಿದು ವಿಜಯಪುರ ಮುಟ್ಟಲು ಅರ್ಧ ತಾಸು. ಹೊಸ ಲೇಔಟುಗಳ ಮುಂದೆ ಯಾರು ಯಾರೋ ಹಾಕಿಸಿದ ಉಬ್ಬುಗಳನ್ನು ದಾಟುವಾಗ ಡಬ್ಬಿಯಲ್ಲಿ ಬರ್ಫು ಗಲಗಲ ಎನ್ನುತ್ತಿತ್ತು. ಪ್ರಯೋಗಾಲಯದಲ್ಲಿ ನನ್ನ ದಾರಿ ಕಾಯುತ್ತಿದ್ದವರು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಬಬಲೇಶ್ವರದವರು, ರೈತರ ಮನೆಯ ಮಗಳು. ನನ್ನ ಮಗಳ ವಯಸ್ಸಿನವರಾದರೂ ಓದಿದವರು, ಹಾಗಾಗಿ ಅಕ್ಕಾರ ಎನ್ನುತ್ತಿದ್ದೆ. ಅವರಿಗೆ ನಾನು ಚಾಚಾ.

ಅಕ್ಕಾರ ಕೆಲಸ ಏನೆಂದು ನಮ್ಮ ವಿಭಾಗದ ಸರ್ ನನಗೆ ಒಮ್ಮೆ ಚಹಾ ಕುಡಿಯುತ್ತ ತಿಳಿಸಿಕೊಟ್ಟಿದ್ದರು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡಿಸುವ ಒಂದು ಕಿಣ್ವ ಇರುತ್ತದೆ. ಪ್ರಾಣಿ ಆರಾಮಾಗಿದ್ದಾಗ ಅದು ಮಲಗಿರುತ್ತದೆ. ಓಡಬೇಕಾದಾಗ ಎದ್ದು ಕೆಲಸಕ್ಕೆ ಹತ್ತುತ್ತದೆ. ಎಬ್ಬಿಸುವವನು ಬೇರೆ ಒಬ್ಬ. ಅವನ ಹೆಸರು ಕೈನೇಸ್.

“ಹಣಿಗೆ ಬೊಟ್ಟು ಇಟ್ಟಂಗ,” ಎಂದಿದ್ದರು ಸರ್. “ಮಲಗಿದ ಕಿಣ್ವದ ಮೈಗೆ ಕೈನೇಸ ರಂಜಕದ, ಅಂದ್ರ ಫಾಸ್ಫೇಟಿಂದು, ಒಂದು ಬೊಟ್ಟು ಇಡತೈತಿ, ಅದು ಏಳತೈತಿ. ಬೊಟ್ಟು ಅಳಸಾಕ ಮತ್ತೊಂದು ಕಿಣ್ವ ಐತಿ. ಅದು ಅಳಿಸಿದ್ರ ಮತ್ತ ಮಲಗತೈತಿ. ನಿನ್ನ ಮೈಯಾಗ, ನನ್ನ ಮೈಯಾಗ ದಿನಾ ಇದ ನಡದೈತಿ.”

“ಹಂಗಾದ್ರ ಕೈನೇಸ ಮೈಮರತು ಬೊಟ್ಟು ಇಟಗೋತ ಹೋದ್ರ?” ಎಂದು ಕೇಳಿದ್ದೆ.

ಸರ್ ಕಪ್ಪು ಕೆಳಗಿಟ್ಟು ನನ್ನನ್ನು ನೋಡಿದರು. “ಕ್ಯಾನ್ಸರ್ ಅಂದ್ರ ಎಷ್ಟೋ ಸಲ ಅದ. ಒಂದು ನಮೂನಿ ರಕ್ತದ ಕ್ಯಾನ್ಸರಿಗೆ ಈಗ ಗುಳಿಗಿ ಐತಲ್ಲ, ಆ ಗುಳಿಗಿ ಹೋಗಿ ಅಂಥಾ ಕೈನೇಸಿನ ಕೈ ಹಿಡಕೋತೈತಿ. ನೀ ಸಾಲಿ ಬಿಟ್ಟದ್ದು ಲುಕ್ಸಾನಾತು ನೋಡಪಾ.”

ಆ ಮಾತನ್ನು ನಾನು ಬಹಳ ದಿನ ಎದೆಯಲ್ಲಿ ಇಟ್ಟುಕೊಂಡು ತಿರುಗಿದೆ.

ಕೆಲಸದ ಪದ್ಧತಿ ಹೀಗಿತ್ತು. ತಂಪು ಕೋಣೆಯಲ್ಲಿ ಸ್ನಾಯುವನ್ನು ಖೀಮಾ ಯಂತ್ರಕ್ಕೆ ಹಾಕಿ ನುಣ್ಣಗೆ ಮಾಡಬೇಕು. ಭಟ್ಟಿ ಇಳಿಸಿದ ತಣ್ಣೀರಿನಲ್ಲಿ ಹತ್ತು ನಿಮಿಷ ಕಲಸಿಡಬೇಕು. ಆಮೇಲೆ ನಾಲ್ಕು ಪದರದ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಬೇಕು. ಇಳಿಯುವ ಕೆಂಪು ರಸವೇ ನಮ್ಮ ಮಾಲು. ರಸವನ್ನು ಅಕ್ಕಾರು ಯಂತ್ರದಲ್ಲಿ ತಿರುಗಿಸಿ ತಿಳಿ ಮಾಡಿ, ಸಣ್ಣ ನಳಿಕೆಗಳಿಗೆ ಹಾಕಿ, ರಂಜಕ ಒದಗಿಸುವ ಪುಡಿ ಬೆರೆಸಿ, ಕೊನೆಗೆ ಬಣ್ಣದ ಪರೀಕ್ಷೆ ಮಾಡುತ್ತಿದ್ದರು. ಕಿಣ್ವ ಎದ್ದಿದ್ದರೆ ನಳಿಕೆ ನೀಲಿ. ಮಲಗಿದ್ದರೆ ತಿಳಿ ನೀರು. ಈ ನೀಲಿ ಪರೀಕ್ಷೆ ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ದೇಶದವರೇ ಎಂದು ಸರ್ ಪ್ರತಿ ಸಲ ಹೇಳುತ್ತಿದ್ದರು.

ಹಿಂಡುವುದು ನೋಡಲು ಸಣ್ಣ ಕೆಲಸ. ಮೆಲ್ಲಗೆ ಹಿಂಡಿದರೆ ಅರ್ಧ ರಸ ಒಳಗೇ ಉಳಿಯುತ್ತದೆ, ಜೋರಾಗಿ ತಿರುವಿದರೆ ಖೀಮಾ ಬಟ್ಟೆಯಿಂದ ಹೊರಬಂದು ರಸ ಕದಡುತ್ತದೆ. ಆ ಚಳಿಯಲ್ಲಿ ಬೆರಳು ಮರಗಟ್ಟುತ್ತವೆ. ರಬ್ಬರಿನ ಗ್ಲೌಸು ಹಾಕಿಕೊಳ್ಳಬೇಕೆಂಬ ನಿಯಮವಿತ್ತು. ಆದರೆ ಒದ್ದೆ ಬಟ್ಟೆಯ ಮೇಲೆ ಅದು ಜಾರುತ್ತದೆ, ಹದ ತಿಳಿಯುವುದಿಲ್ಲ. ನಾನು ಬರಿಗೈಯಲ್ಲೇ ಹಿಂಡುತ್ತಿದ್ದೆ. ಅಕ್ಕಾರು ಮೊದಮೊದಲು ಬೇಡವೆಂದರು. ಆಮೇಲೆ ನನ್ನ ರಸದ ಬಣ್ಣ ನೋಡಿ ಸುಮ್ಮನಾದರು. ಒಂದೇ ಒಂದು ಕಟ್ಟಳೆ ಹಾಕಿದರು.

“ಚಾಚಾ, ಹಿಂಡೂಕಿಂತ ಮೊದಲ ಕೈಗೆ ಸಾಬೂನ ಹಚ್ಚಬ್ಯಾಡ್ರಿ. ಸಾಬೂನ ಹತ್ತಿದ್ರ ಕಿಣ್ವ ಕೆಡತೈತಿ. ಬರೇ ನೀರಾಗ ತೊಳಕೋರಿ.”

ಅದನ್ನು ನಾನು ಒಂದು ದಿನವೂ ಮೀರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅದಕ್ಕೂ ಹಿಂದಿನ ವರ್ಷ ಕಾಲೇಜಿನಲ್ಲಿ ಹಲ್ಲಿನ ತಪಾಸಣೆ ನಡೆದಾಗ ನನ್ನ ಕೆನ್ನೆಯ ಒಳಗೆ ಒಂದು ಬಿಳಿ ಕಲೆ ಸಿಕ್ಕಿತ್ತು. ಹಲ್ಲಿನ ಡಾಕ್ಟರು ತಂಬಾಕು ಬಿಡಬೇಕು ಎಂದರು. ನಾನು ಅಲ್ಲೇ, ಎಲ್ಲರ ಮುಂದೆ, ತಂಬಾಕಿನ ಪೊಟ್ಟಣ ತೆಗೆದು ಕಸದ ಡಬ್ಬಿಗೆ ಹಾಕಿದೆ. ಸರ್ ಭುಜ ತಟ್ಟಿ, “ಗಂಡಸಂದ್ರ ಇಂವ ನೋಡ್ರಿ,” ಎಂದು ಹುಡುಗರಿಗೆ ತೋರಿಸಿದರು. ಮನೆಯಲ್ಲಿ ಹೆಂಡತಿಗೂ ಮಾತು ಕೊಟ್ಟೆ. ಒಂದು ತಿಂಗಳು ತಡೆದೆ. ಆಮೇಲೆ ತಡೆಯಲಾಗಲಿಲ್ಲ. ಭುಜ ತಟ್ಟಿಸಿಕೊಂಡವನು ಸೋತೆ ಎಂದು ಹೇಳುವುದು ಹೇಗೆ? ಬೆಳಗ್ಗೆ ಬೈಕು ನಿಲ್ಲಿಸಿದ ಮೇಲೆ ಜನರೇಟರ್ ಕೋಣೆಯ ಹಿಂದೆ ಹೋಗಿ, ಅಂಗೈಯಲ್ಲಿ ತಂಬಾಕು ಸುರುವಿ, ಡಬ್ಬಿಯಿಂದ ಸುಣ್ಣ ತೆಗೆದು ಹೆಬ್ಬೆರಳಿನಿಂದ ತಿಕ್ಕಿ, ತುಟಿಯೊಳಗೆ ಇಟ್ಟು, ಕೈಯನ್ನು ನಳದ ಕೆಳಗೆ ಹಿಡಿದು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಬರುತ್ತಿದ್ದೆ. ತಂಪು ಕೋಣೆಯಲ್ಲಿ ನಾನು ಮಾತು ಕಡಿಮೆ ಆಡುತ್ತಿದ್ದುದನ್ನು ಎಲ್ಲರೂ ಏಕಾಗ್ರತೆ ಎಂದುಕೊಂಡರು.

ಕೆಲಸ ಶುರುವಾಗಿ ಮೂರನೆಯ ತಿಂಗಳು. ಒಂದು ದಿನ ಅಕ್ಕಾರು ತಂಪು ಕೋಣೆಯ ಬಾಗಿಲು ತೆಗೆದು ನನ್ನನ್ನು ಕೈಸನ್ನೆಯಿಂದ ಕರೆದರು. ಸಾಲಾಗಿ ಆರು ನಳಿಕೆ. ಆರೂ ನೀಲಿ.

“ಇದ್ರಾಗ ಮೂರು ನೀಲಿ ಆಗಬಾರದಾಗಿತ್ತು ಚಾಚಾ. ಕೈನೇಸ ಎಚ್ಚರಾಗಬೇಕಂದ್ರ ಕ್ಯಾಲ್ಸಿಯಂ ಬೇಕು ಅಂತ ಎಲ್ಲಾ ಪುಸ್ತಕದಾಗ ಐತಿ. ಈ ಮೂರಕ್ಕ ನಾ ಕ್ಯಾಲ್ಸಿಯಂ ಹಾಕೇ ಇಲ್ಲ.”

“ಮರತು ಹಾಕಿರಬೇಕ್ರಿ.”

“ನಾನೂ ಹಂಗ ಅಂದಕೊಂಡೆ. ನಿನ್ನೆ ಮತ್ತ ಮಾಡಿದೆ, ಇವತ್ತ ಮತ್ತ ಮಾಡಿದೆ.”

ಆರು ವಾರ ಮಾಡಿದರು. ಪ್ರತಿ ಸಲವೂ ನೀಲಿ. ಸರ್ ತಾವೇ ಬಂದು ನಿಂತು ನೋಡಿದರು. ನಮ್ಮ ಕಡೆಯ ಆಡಿನ ಕೈನೇಸಿಗೆ ಕ್ಯಾಲ್ಸಿಯಂ ಬೇಕಾಗಿಲ್ಲ, ಬಿಸಿಲು ನಾಡಿನಲ್ಲಿ ಮೇಯುವ ಪ್ರಾಣಿಯ ಸ್ನಾಯು ಬೇರೆ ನಮೂನೆಯೇ ಇರಬಹುದು ಎಂಬ ಮಾತು ಹುಟ್ಟಿತು. ಪುಸ್ತಕದಲ್ಲಿ ಇಲ್ಲದ ಮಾತು. ಅಕ್ಕಾರ ಫೆಲೋಶಿಪ್ಪಿನ ಅವಧಿ ಎರಡು ವರ್ಷದಲ್ಲಿ ಮುಗಿಯುವುದಿತ್ತು. ಅಷ್ಟರೊಳಗೆ ಇದನ್ನೇ ಪ್ರಬಂಧ ಮಾಡಬೇಕು ಎಂದು ಸರ್ ನಿಶ್ಚಯಿಸಿದರು.

ನಡುವೆ ಹೆಂಡತಿಯ ತಂಗಿಯ ಮಗಳ ಮದುವೆಗೆಂದು ನಾನು ನಾಲ್ಕು ದಿನ ರಜೆ ಹಾಕಿದೆ. ಅಣ್ಣನೇ ಸ್ನಾಯು ತಂದು ಕೊಟ್ಟ. ಇನ್ನೊಬ್ಬ ವಿದ್ಯಾರ್ಥಿ ಗ್ಲೌಸು ಹಾಕಿ ಹಿಂಡಿದ. ನಾಲ್ಕು ದಿನವೂ ಕ್ಯಾಲ್ಸಿಯಂ ಹಾಕದ ನಳಿಕೆ ತಿಳಿ ನೀರು. ನಾನು ಬಂದ ದಿನ ಮತ್ತೆ ನೀಲಿ.

“ನಿಮ್ಮ ಕೈಗುಣ ಚಾಚಾ,” ಎಂದು ಅಕ್ಕಾರು ನಕ್ಕರು. “ಆ ಹುಡುಗ ಹಿಂಡಿದ್ರ ಬರೇ ನೀರು ಬರತೈತಿ. ಜೀವ ಬರಂಗಿಲ್ಲ.”

“ಅಂವ ಊಟಾನ ಮಾಡಂಗಿಲ್ರಿ, ಎಲ್ಲಿಂದ ಹಿಂಡತಾನ.”

“ಪ್ರಬಂಧದ ಮೊದಲನೇ ಪುಟದಾಗ ನಿಮ್ಮ ಹೆಸರು ಬರೀತೀನಿ. ಇವರ ಕೈ ಇಲ್ಲಂದ್ರ ಈ ಕೆಲಸ ಆಗ್ತಿರಲಿಲ್ಲ ಅಂತ. ಬೈಂಡ್ ಆಗಿ ಲೈಬ್ರರ್‍ಯಾಗ ಇರತೈತಿ.”

ಅವತ್ತು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಅಣ್ಣನಿಗೆ ಹೇಳಿದೆ, ಚಹಾದಂಗಡಿಯಲ್ಲೂ ಹೇಳಿದೆ. ಸಾಲೆಯ ಹಾಜರಿ ಪುಸ್ತಕ ಬಿಟ್ಟರೆ ನನ್ನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದರಲ್ಲೂ ಅರ್ಧ ವರ್ಷ ಗೈರುಹಾಜರಿಯದೇ ಗುರುತು.

ಆ ವರ್ಷ ರಂಜಾನ್ ಬೇಸಿಗೆಯ ಶುರುವಿಗೆ ಬಂತು. ನಾನು ರೋಜಾ ಬಿಟ್ಟವನಲ್ಲ. ಬರ್ಫು ಹೊತ್ತು ಬೈಕು ಹೊಡೆದು ಬಂದರೂ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಮೊದಲನೆಯ ದಿನವೇ ಕ್ಯಾಲ್ಸಿಯಂ ಹಾಕದ ನಳಿಕೆಗಳು ತಿಳಿಯಾಗಿ ಉಳಿದವು. ಎರಡನೆಯ ದಿನವೂ. ವಾರ ಕಳೆಯಿತು.

ನಾನು ನನ್ನ ಕೈಯನ್ನೇ ಅನುಮಾನಿಸಿದೆ. ಹೊಟ್ಟೆಯಲ್ಲಿ ಏನೂ ಇಲ್ಲ, ಕೈಯಲ್ಲಿ ಕಸುವಿಲ್ಲ, ರಸ ಪೂರ್ತಿ ಇಳಿಯುತ್ತಿಲ್ಲ ಎಂದುಕೊಂಡೆ. ಹಲ್ಲು ಕಚ್ಚಿ ಹಿಂಡಿದೆ. ಒಂದು ದಿನ ಬಟ್ಟೆ ಹರಿದು ಖೀಮಾ ಎಲ್ಲ ರಸದೊಳಗೆ ಬಿತ್ತು. ಆ ದಿನದ ಆಡು ದಂಡವಾಯಿತು.

“ಸಾವಕಾಶ ಚಾಚಾ. ಬಟ್ಟಿ ಮ್ಯಾಲೆ ಯಾಕ ಸಿಟ್ಟು?”

“ಬಟ್ಟಿ ಮ್ಯಾಲೆ ಅಲ್ರಿ.”

ಅಕ್ಕಾರು ಆಡಿನ ಮೇಲೆ ಅನುಮಾನಪಟ್ಟರು. ರಜೆಯ ದಿನ ಅಣ್ಣನ ಅಂಗಡಿಗೆ ಆಡು ಬರುತ್ತಿದ್ದ ಅರಕೇರಿ ಕಡೆ ತಮ್ಮ ಸ್ಕೂಟಿಯಲ್ಲಿ ಹೋಗಿ ಕುರಿ, ಆಡು ಮೇಯಿಸುವವರ ಹಿಂದೆ ಬಿಸಿಲಿನಲ್ಲಿ ತಿರುಗಿ, ಈ ತಿಂಗಳು ಆಡು ಏನು ತಿನ್ನುತ್ತವೆ, ಎಲ್ಲಿ ನೀರು ಕುಡಿಯುತ್ತವೆ ಎಂದು ಕೇಳಿ ಬರೆದುಕೊಂಡರು. ಒಬ್ಬ ಮುದುಕ ಅವರಿಗೆ, “ಯವ್ವಾ, ಆಡು ಏನ್ ತಿನ್ನಂಗಿಲ್ಲ ಅಂತ ಕೇಳು, ಲಗೂನ ಹೇಳಿ ಮುಗಸ್ತೀನಿ,” ಎಂದನಂತೆ. ಬಂದು ಅದನ್ನು ಹೇಳಿ ನಕ್ಕರು. ಮುಖ ಸುಟ್ಟು ಕರ್‍ರಗಾಗಿತ್ತು.

ಸರ್ ಆ ಟಿಪ್ಪಣಿ ನೋಡಿ ಹೊಸ ದಾರಿ ಕಂಡರು. ಬೇಸಿಗೆಯ ಮೇವು ಬದಲಾದಾಗ ಕೈನೇಸಿನ ಗುಣವೂ ಬದಲಾಗುತ್ತದೆ. ಇದು ಋತುವಿನ ಪ್ರಭಾವ. ಪ್ರಬಂಧಕ್ಕೆ ಒಂದು ಅಧ್ಯಾಯ ಹೆಚ್ಚಾಯಿತು. ಅದೇ ತಿಂಗಳಲ್ಲಿ, ಕ್ಯಾಲ್ಸಿಯಂ ಎಲ್ಲಾದರೂ ಸೇರಿದ್ದರೆ ಅದನ್ನು ಹಿಡಿದು ಕಟ್ಟಿಹಾಕುವ ಒಂದು ಪುಡಿ ತರಿಸಿದ್ದು ಬಂತು. ಅಕ್ಕಾರು ಅದನ್ನು ಹಾಕಿ ನೋಡಿದರು, ಹಾಕದೆ ನೋಡಿದರು. ಎರಡೂ ತಿಳಿ ನೀರು. ಕ್ಯಾಲ್ಸಿಯಂ ಪ್ರಶ್ನೆಯೇ ಇಲ್ಲ ಎಂದು ಬರೆದು ಬಾಟಲಿಯನ್ನು ಕಪಾಟಿಗೆ ಇಟ್ಟರು. ಆ ಪುಡಿ ಒಂದು ತಿಂಗಳು ಮೊದಲು ಬಂದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಈದ್ ಮುಗಿಸಿ ಐದನೆಯ ದಿನ ಕೆಲಸಕ್ಕೆ ಬಂದೆ. ಹಿಂಡಿದೆ. ಮಧ್ಯಾಹ್ನ ಅಕ್ಕಾರು ಓಡಿ ಬಂದರು. ಕಣ್ಣಲ್ಲಿ ನೀರಿತ್ತು. ಕೈಯಲ್ಲಿ ನೀಲಿ ನಳಿಕೆ. ಅರಕೇರಿಯಲ್ಲಿ ಆ ವಾರ ಎರಡು ಮಳೆ ಆಗಿತ್ತು. ಹಸಿರು ಚಿಗುರಿದೆ, ಕೈನೇಸು ತಿರುಗಿ ಬಂತು ಎಂದು ಸರ್ ಅಂದರು. ಎಲ್ಲವೂ ಸರಿಯಾಗಿ ಕೂತಿತ್ತು. ಲೇಖನ ಬರೆದು ಹೊರಗಿನ ಒಂದು ಪತ್ರಿಕೆಗೆ ಕಳಿಸಿದರು. ಮುಂದಿನ ವರ್ಷದ ರಂಜಾನಿನಲ್ಲೂ ನಳಿಕೆ ತಿಳಿಯಾದಾಗ ಯಾರೂ ಗಾಬರಿಯಾಗಲಿಲ್ಲ. ಸರ್ ಹೇಳಿದ ಋತು ಬಂದಿತ್ತು, ಅಷ್ಟೇ.

ಪ್ರಬಂಧ ಒಪ್ಪಿಸುವ ಮೊದಲು ಎಲ್ಲರ ಮುಂದೆ ಒಂದು ಸಲ ಮಂಡಿಸಬೇಕು. ಅದಕ್ಕೆ ಒಂದು ಗುರುವಾರ ಗೊತ್ತಾಯಿತು. ಹೊರಗಿನಿಂದ ಇಬ್ಬರು ಪರೀಕ್ಷಕರು ಬರುವವರಿದ್ದರು.

ಅದಕ್ಕೂ ಒಂದು ವಾರ ಮೊದಲು ಸರ್ ಹೊಸ ವಿದ್ಯಾರ್ಥಿಗಳಿಗೆ ಪ್ರತಿ ವರ್ಷದಂತೆ ಕೈನೇಸಿನ ಇತಿಹಾಸದ ಪಾಠ ಮಾಡಿದರು. ಪರದೆ ಇಳಿಸಿ ಪ್ರೊಜೆಕ್ಟರ್ ಹಚ್ಚುವುದು ನನ್ನ ಕೆಲಸ. ಪಾಠ ಮುಗಿಯುವ ತನಕ ಬಾಗಿಲ ಬಳಿ ನಿಂತಿರುತ್ತೇನೆ. ನನಗೆ ಅದು ಬಾಯಿಪಾಠವಾಗಿತ್ತು. ಹಾಲಿನ ಪ್ರೋಟೀನಿನಲ್ಲಿ, ಮೊಟ್ಟೆಯ ಹಳದಿಯಲ್ಲಿ ರಂಜಕ ಇದೆ ಎಂದು ಬಹಳ ಹಿಂದೆಯೇ ಕಂಡಿದ್ದರು. ಮರಿ ಬೆಳೆಯಲು ಬೇಕಾದ ಆಹಾರ ಎಂದುಕೊಂಡು ಬಿಟ್ಟರು. ಅದನ್ನು ಯಾರೋ ಹಚ್ಚುತ್ತಾರೆ, ಯಾರೋ ಅಳಿಸುತ್ತಾರೆ, ಅದರಿಂದಲೇ ಜೀವಕೋಶದ ವ್ಯವಹಾರ ನಡೆಯುತ್ತದೆ ಎಂದು ತಿಳಿಯುವಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು. ಕೊನೆಗೆ ಅಮೆರಿಕದ ಇಬ್ಬರು ವಿಜ್ಞಾನಿಗಳು ಮೊಲದ ಸ್ನಾಯು ಹಿಂಡಿ ಕೂತರು. ಹಿಂದಿನವರು ರಸವನ್ನು ಕಾಗದದಲ್ಲಿ ಸೋಸುತ್ತಿದ್ದರು. ಇವರು ಕಾಗದ ಬಿಟ್ಟು ಯಂತ್ರದಲ್ಲಿ ತಿರುಗಿಸಿದರು. ಕಿಣ್ವ ಏಳಲಿಲ್ಲ. ಮತ್ತೆ ಕಾಗದಕ್ಕೆ ಹೋದರು. ಎದ್ದಿತು.

“ಕಾಗದದಾಗ ಏನಿತ್ತು?” ಎಂದು ಸರ್ ಎಂದಿನಂತೆ ಕೇಳಿ, ತಾವೇ ಉತ್ತರಿಸಿದರು. “ಕ್ಯಾಲ್ಸಿಯಂ. ಕಾಗದದಿಂದ ಕಳಚಿ ರಸದಾಗ ಇಳಿದಿತ್ತು. ಅವರು ಅದನ್ನ ಬೆನ್ನು ಹತ್ತಿ ಹೋದ್ರು, ಕೈನೇಸ ಸಿಕ್ತು.”

ಒಬ್ಬ ಹುಡುಗಿ ಕೈ ಎತ್ತಿದಳು. “ಸರ್, ಒಂದು ಕಾಗದದಾಗ ಎಷ್ಟು ಇದ್ದೀತ್ರಿ? ಅಷ್ಟಕ್ಕ ಏಳತೈತಿ?”

“ಎಷ್ಟೂ ಬ್ಯಾಡವ್ವಾ. ನಿಮ್ಮಜ್ಜಿ ಎಲಿಗೆ ಹಚ್ಚೂ ಸುಣ್ಣ ಐತಲ್ಲ, ಅದೂ ಕ್ಯಾಲ್ಸಿಯಮ್ಮ. ಉಗುರಿನ ತುದಿಗೆ ಹತ್ತಿದಷ್ಟು ಸಾಕು.”

ಎಲ್ಲರೂ ನಕ್ಕರು. ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಬಿಳಿ ಗೆರೆ ಇತ್ತು.

ಮದುವೆಯ ನಾಲ್ಕು ದಿನ. ಎರಡು ರಂಜಾನ್. ರೋಜಾ ಇದ್ದಾಗ ಹಗಲು ತಂಬಾಕು ಇಲ್ಲ, ಸುಣ್ಣ ಇಲ್ಲ. ಲೆಕ್ಕ ಹಾಕಲು ಆರನೆಯ ಇಯತ್ತೆ ಸಾಕಾಯಿತು.

ಆದರೂ ನಂಬಲಿಲ್ಲ. ನಂಬುವ ಮನಸ್ಸಿರಲಿಲ್ಲ. ಮರುದಿನ ಮನೆಯಲ್ಲೇ ಕೈಯನ್ನು ಸಾಬೂನಿನಿಂದ ಐದು ಸಲ ತಿಕ್ಕಿ, ಉಗುರು ಕತ್ತರಿಸಿ, ಸಾಬೂನಿನ ವಾಸನೆ ಹೋಗುವ ತನಕ ನೀರು ಹಾಕಿಕೊಂಡೆ. ಜನರೇಟರ್ ಹಿಂದೆ ಹೋಗದೆ ನೇರವಾಗಿ ತಂಪು ಕೋಣೆಗೆ ಬಂದೆ. ಒಂದೇ ಕಾಲಿನ ಖೀಮಾವನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ಆ ಕೈಯಿಂದ ಹಿಂಡಿ ಬಾಟಲಿಯ ಕೊರಳಿಗೆ ಕರಿ ದಾರ ಕಟ್ಟಿದೆ. ಆಮೇಲೆ ಹೊರಗೆ ಹೋಗಿ ಎಂದಿನಂತೆ ತಂಬಾಕು ತಿಕ್ಕಿ, ಕೈ ನೀರಿಗೆ ಹಿಡಿದು, ಪ್ಯಾಂಟಿಗೆ ಒರೆಸಿ, ಇನ್ನೊಂದು ಪಾಲು ಹಿಂಡಿ ಕೆಂಪು ದಾರ ಕಟ್ಟಿದೆ.

“ಎರಡೂ ನೋಡ್ರಿ ಅಕ್ಕಾರ.”

“ಯಾಕ ಚಾಚಾ? ಈಗ ನನಗ ಸ್ಲೈಡ್ ಮಾಡೂದ ಮುಗಿವಲ್ದು.”

“ನನ್ನ ಸಮಾಧಾನಕ್ಕ ನೋಡ್ರಿ.”

ನೋಡಿದರು. ಕರಿ ದಾರ ತಿಳಿ ನೀರು, ಕೆಂಪು ದಾರ ನೀಲಿ. ಅಕ್ಕಾರು ಬಹಳ ಹೊತ್ತು ಎರಡನ್ನೂ ಬೆಳಕಿಗೆ ಹಿಡಿದು ನಿಂತರು. “ಒಂದ ಆಡು, ಒಂದ ಕಾಲು. ಇದು ಹೆಂಗ?” ಎಂದರು. ನನ್ನ ಬಾಯಲ್ಲಿ ತಂಬಾಕಿತ್ತು. ತಲೆ ಅಲ್ಲಾಡಿಸಿ ಹೊರಗೆ ಬಂದುಬಿಟ್ಟೆ.

ಅಲ್ಲಿಂದ ನಾಲ್ಕು ದಿನ ನಾನು ಹೇಳಲಿಲ್ಲ. ನಾಲ್ಕು ದಿನ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾಲ್ಕೇ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಅಕ್ಕಾರು ಡಾಕ್ಟರೇಟ್ ಪಡೆದು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. ಒಂದು ಕಡೆ ಮಾತೂ ಆಗಿತ್ತು. ನನ್ನ ಹೆಸರು ಲೈಬ್ರರಿಯಲ್ಲಿ ಇರುತ್ತಿತ್ತು. ಹೇಳಿದರೆ ಅವರ ಎರಡು ವರ್ಷ ಮಣ್ಣಾಗುತ್ತದೆ, ನಾನು ಸುಳ್ಳ ಎಂಬುದೂ ಅದರ ಜೊತೆಗೇ ಬಯಲಾಗುತ್ತದೆ. ನನ್ನ ನೌಕರಿ ಗುತ್ತಿಗೆಯದು. ನಾಳೆಯಿಂದ ಬರಬೇಡ ಎಂದರೆ ಅಷ್ಟೇ. ಹೇಳದಿರಲು ಕಾರಣ ಬಹಳ ಇದ್ದವು, ಹೇಳಲು ಒಂದೂ ಇರಲಿಲ್ಲ. ಅಕ್ಕಾರು ಮಾತ್ರ ಆ ಎರಡು ದಾರಗಳನ್ನು ಬಿಚ್ಚದೆ ಮೇಜಿನ ಮೇಲೆ ಇಟ್ಟುಕೊಂಡಿದ್ದರು.

ಮಂಗಳವಾರ ಬೆಳಗ್ಗೆ ಅಂಗಡಿಯಲ್ಲಿ ಆಡಿಗಾಗಿ ಕಾಯುತ್ತ ಕೂತಿದ್ದೆ. ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ರೂಢಿ ಇದೆ. ಹಿಂದಿನ ದಿನ ಉಳಿದ ಮಾಂಸವನ್ನು ಬಾಗಿಲ ಕಡೆಯ ಬೇರೆ ಕೊಂಡಿಗೆ ಹಾಕುತ್ತೇವೆ. ಗಿರಾಕಿ ಕೇಳಲಿ ಬಿಡಲಿ, ನಾವೇ ಬಾಯಿಬಿಟ್ಟು ಹೇಳುತ್ತೇವೆ. ಒಬ್ಬರು ದೂರದಿಂದ ಬಂದವರು ಆ ಕೊಂಡಿಯದನ್ನೇ ತೋರಿಸಿ ಎರಡು ಕಿಲೋ ಎಂದರು. ಬೇರೆ ಊರಿನವರು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಣ್ಣ ಕತ್ತಿ ಮಸೆಯುತ್ತಿದ್ದವನು ತಲೆ ಕೂಡ ಎತ್ತದೆ ಅಂದ:

“ಅದು ನಿನ್ನೇದ ಐತ್ರಿ. ತಾಜಾ ಬೇಕಂದ್ರ ಅರ್ಧ ತಾಸು ನಿಲ್ರಿ.”

ಅವರು ನಿಲ್ಲಲಿಲ್ಲ, ಹೋದರು. ಅಣ್ಣ ಮಸೆಯುತ್ತಲೇ ಇದ್ದ. ಅವನಿಗೆ ಅದು ಮಾತೇ ಅಲ್ಲ, ಉಸಿರಾಡಿದಷ್ಟು ಸಹಜ. ನಾನು ಎದ್ದು, “ಇವತ್ತ ಆಡು ಬ್ಯಾಡ,” ಎಂದು ಬರಿ ಡಬ್ಬಿ ಕಟ್ಟಿಕೊಂಡು ಹೊರಟೆ.

“ಯಾಕಲೇ, ಹಿಂಡೂದು ಮುಗೀತೇನ?”

“ಮುಗೀತು.”

ಅಕ್ಕಾರು ತಂಪು ಕೋಣೆಯ ಹೊರಗಿನ ಬೆಂಚಿನ ಮೇಲೆ ಸ್ಲೈಡುಗಳ ಹಾಳೆ ಹರಡಿಕೊಂಡು ಕೂತಿದ್ದರು. ನಾನು ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದು ಹಾಳೆಯ ಮೇಲೆ ಇಟ್ಟೆ.

“ಇದೇನ್ ಚಾಚಾ?”

“ಕ್ಯಾಲ್ಸಿಯಂ ರೀ.”

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎಲ್ಲ ಹೇಳಿದೆ. ಜನರೇಟರ್ ಕೋಣೆ, ನಳ, ಪ್ಯಾಂಟು, ಮದುವೆ, ರೋಜಾ, ಕರಿ ದಾರ, ಕೆಂಪು ದಾರ. ಅವರು ಡಬ್ಬಿಯನ್ನೇ ನೋಡುತ್ತಿದ್ದರು.

“ನೀವು ತಂಬಾಕ ಬಿಟ್ಟಿದ್ರಿ,” ಎಂದರು ಕೊನೆಗೆ.

“ಬಿಟ್ಟಿಲ್ರಿ.”

“ನಾ ಸಾಬೂನ ಬ್ಯಾಡ ಅಂದಿದ್ದೆ.” ಇದನ್ನು ತಮಗೆ ತಾವೇ ಹೇಳಿಕೊಂಡರು. ಆಮೇಲೆ, “ಎರಡು ವರ್ಷ ಚಾಚಾ. ಬಿಸಿಲಾಗ ಆಡಿನ ಹಿಂದ ತಿರುಗೇನಿ ನಾ.”

ಅವರು ಬೈಯಲಿಲ್ಲ, ಅಳಲಿಲ್ಲ. ಕಪಾಟು ತೆಗೆದು, ಕ್ಯಾಲ್ಸಿಯಂ ಕಟ್ಟಿಹಾಕುವ ಪುಡಿಯ ಬಾಟಲಿ ಕೈಗೆ ತೆಗೆದುಕೊಂಡರು. ಡೀಪ್ ಫ್ರೀಜರಿನಲ್ಲಿ ನಾನು ಹಿಂಡಿದ ಹಳೆಯ ರಸ ತಿಂಗಳುವಾರು ಇಟ್ಟಿತ್ತು. ಒಂದೊಂದನ್ನೇ ಕರಗಿಸಿ ಪುಡಿ ಹಾಕಿದರು. ನಾನು ನಳಿಕೆ ತೊಳೆದು ಕೊಡುತ್ತ ನಿಂತೆ. ಸಂಜೆಯ ತನಕ ಇದೇ ನಡೆಯಿತು. ನೀಲಿಯಾಗಬೇಕಾದ ನಳಿಕೆಗಳು ಒಂದಾದ ಮೇಲೊಂದು ತಿಳಿಯಾಗಿಯೇ ಉಳಿದವು.

ಬುಧವಾರ ಸರ್ ಕೋಣೆಗೆ ಇಬ್ಬರೂ ಹೋದೆವು. ಸರ್ ಎಲ್ಲ ಕೇಳಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ವರ್ಷಾ ವರ್ಷಾ ಇದ ಪಾಠ ಮಾಡತೀನಿ ನಾ. ಕಾಗದದ ಕಥಿ ಹೇಳಿ ಹುಡುಗರನ್ನ ನಗಸ್ತೀನಿ,” ಎಂದರು. ನಂತರ ನನ್ನ ಕಡೆ ತಿರುಗಿ, “ನಿನ್ನ ಭುಜಾ ತಟ್ಟಿದ್ದೆ ನಾ, ಎಲ್ಲಾರ ಮುಂದ.”

“ಹೌದ್ರಿ.”

“ಹೋಗು.”

ಗುರುವಾರದ ಮಂಡನೆ ರದ್ದಾಯಿತು. ಪತ್ರಿಕೆಗೆ ಕಳಿಸಿದ ಲೇಖನವನ್ನು ವಾಪಸು ಕೇಳಿ ಅಕ್ಕಾರೇ ಪತ್ರ ಬರೆದರು. ಆ ಅಮೆರಿಕದವರಿಗೆ ಕಾಗದದ ಕ್ಯಾಲ್ಸಿಯಂ ಹೊಸ ಬಾಗಿಲು ತೆರೆದಿತ್ತು. ನಮ್ಮ ಕಾಲಕ್ಕೆ ಆ ಬಾಗಿಲು ಎಂದೋ ತೆರೆದಿತ್ತು. ನನ್ನ ಸುಣ್ಣ ಹೊಸದೇನನ್ನೂ ತೋರಿಸಲಿಲ್ಲ. ಅಕ್ಕಾರಿಗೆ ಆರು ತಿಂಗಳ ಅವಧಿ ಹೆಚ್ಚಿಗೆ ಸಿಕ್ಕಿತು. ಅದರಲ್ಲಿ ಅವರು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಹಿಂಡಲು ಒಂದು ಸಣ್ಣ ಉಕ್ಕಿನ ಒತ್ತುಯಂತ್ರ ಬಂತು. ನಾನು ಸ್ನಾಯು ತಂದು ಬಾಗಿಲಲ್ಲಿ ಕೊಡುವುದು, ಅವರು ಗ್ಲೌಸು ಹಾಕಿದ ಕೈಯಿಂದ ತೆಗೆದುಕೊಳ್ಳುವುದು. ಚಾಚಾ ಎಂದೇ ಕರೆಯುತ್ತಿದ್ದರು. ಆದರೆ ಹೊರಗೆ ಕೂತು ಚಹಾ ಕುಡಿಯುವುದು ನಿಂತುಹೋಯಿತು. ನಮ್ಮ ಕಡೆಯ ಆಡಿನ ಕೈನೇಸು ಪುಸ್ತಕದಲ್ಲಿ ಹೇಳಿದ ಹಾಗೆಯೇ ಇದೆ ಎಂದು ಕೊನೆಗೆ ಸಾಬೀತಾಯಿತು. ಪ್ರಬಂಧ ತೆಳ್ಳಗಾಯಿತು. ದೊಡ್ಡ ಊರಿನ ಪ್ರಯೋಗಾಲಯದವರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ಅಕ್ಕಾರು ಈಗ ಬಬಲೇಶ್ವರದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಾರೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ.  ಅದು ಸರ್ ದೊಡ್ಡತನ. ಹಲ್ಲಿನ ಡಾಕ್ಟರು ಕೆನ್ನೆಯ ಕಲೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಈಗ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ತಂಬಾಕು ಬಿಟ್ಟೆ ಎಂದು ನಾನು ಯಾರ ಮುಂದೆಯೂ ಹೇಳುವುದಿಲ್ಲ. ಎಷ್ಟು ದಿನವಾಯಿತು ಎಂಬುದು ನನಗೆ ಮತ್ತು ನನ್ನ ಹೆಂಡತಿಗೆ ಗೊತ್ತು.

ಅಕ್ಕಾರ ಪ್ರಬಂಧ ಬೈಂಡ್ ಆಗಿ ಬಂದು ವಿಭಾಗದ ಕಪಾಟಿನಲ್ಲಿ ಕೂತಿದೆ. ಬಹಳ ದಿನ ನಾನು ಅದನ್ನು ಧೂಳು ಒರೆಸಲಷ್ಟೇ ಮುಟ್ಟಿದೆ. ಮೊನ್ನೆ ಒಬ್ಬ ಹೊಸ ವಿದ್ಯಾರ್ಥಿನಿ ಅದನ್ನು ತೆಗೆದು ಓದುತ್ತ ಕೂತಿದ್ದಳು. ಕೇಳಿಯೇ ಬಿಟ್ಟೆ.

“ಮೊದಲನೇ ಪುಟದಾಗ ಹೆಸರು ಇರತಾವಲ್ಲವ್ವಾ, ಓದು.”

ಓದಿದಳು. ಅವರ ತಂದೆ ತಾಯಿ, ಸರ್, ಗೆಳತಿಯರು. ಮುಗಿಯಿತು.

“ಕೆಲಸ ಹೆಂಗ ಮಾಡಿದ್ರು ಅಂತ ಬರದಿದ್ದು ಎಲ್ಲೈತಿ? ಅದನ್ನೂ ಓದು.”

ಪುಟ ತಿರುವಿ, ಇಂಗ್ಲಿಷಿನ ಸಾಲುಗಳನ್ನು ಬೆರಳಿನಿಂದ ಹಿಡಿದು ಕನ್ನಡದಲ್ಲಿ ಹೇಳುತ್ತ ಹೋದಳು. ಆಡು, ಬರ್ಫು, ಖೀಮಾ, ಒತ್ತುಯಂತ್ರ. ಒಂದು ಕಡೆ ನಿಂತಳು.

“ಇಲ್ಲೇನೋ ಐತಿ ಚಾಚಾ. ‘ಇದಕ್ಕೂ ಮೊದಲಿನ ರಸವನ್ನು ಬರಿಗೈಯಿಂದ ಹಿಂಡಲಾಗಿತ್ತು. ಆ ಎಲ್ಲ ಫಲಿತಾಂಶಗಳನ್ನು ಕೈಬಿಡಲಾಗಿದೆ.’ ಇಷ್ಟ.”

“ಮತ್ತೊಮ್ಮೆ ಓದು.”

ಓದಿದಳು. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

“ಯಾರ ಕೈ ಚಾಚಾ ಇದು?”

“ನಂದು,” ಎಂದೆ. ಮೇಜಿನ ಮೇಲಿದ್ದ ಡಬ್ಬಿಯಿಂದ ಒಂದು ಜೊತೆ ಗ್ಲೌಸು ಎಳೆದು ಹಾಕಿಕೊಂಡು, ಕರಗುತ್ತಿದ್ದ ಬರ್ಫಿನ ಡಬ್ಬಿ ಎತ್ತಿ ತಂಪು ಕೋಣೆಯ ಬಾಗಿಲಿಗೆ ಒಯ್ದೆ.